ನಡುವಿನ ಹೂವಿಗೆ ತೊಟ್ಟಿಲ್ಲ

ಮೇ ತಿಂಗಳ ಮೂರನೆಯ ವಾರದಲ್ಲಿ ನಮ್ಮ ಬಡಾವಣೆಯ ಅಂಚಿನ ರಸ್ತೆಯ ಪಕ್ಕದ ತಗ್ಗಿನಲ್ಲಿ, ಮೊಣಕಾಲೆತ್ತರದ ಹಳದಿ ಹೂವಿನ ಗಿಡಗಳು ಇಪ್ಪತ್ತು ಮೂವತ್ತರಷ್ಟು ಗುಂಪಾಗಿ ಅರಳಿ ನಿಂತಿದ್ದವು. ಶಿಕಾಗೋ ನಗರದ ಪಶ್ಚಿಮಕ್ಕಿರುವ ಈ ಉಪನಗರದಲ್ಲಿ ನಾನು ನೆಲೆಸಿ ಹನ್ನೊಂದು ವರ್ಷಗಳಾದವು. ಅಷ್ಟು ವರ್ಷವೂ ಅದೇ ದಾರಿಯಲ್ಲಿ ಕಾರಿನಲ್ಲಿ ಹೋಗಿ ಬಂದಿದ್ದೇನೆ. ಕಾರು ದುರಸ್ತಿಗೆ ಹೋದ ಒಂದು ವಾರ ನಡೆದು ಹೋಗಬೇಕಾಗಿ ಬಂದದ್ದರಿಂದ ಮೊದಲ ಬಾರಿಗೆ ಅವುಗಳನ್ನು ಸರಿಯಾಗಿ ನೋಡಿದೆ. ನಾನು ಬಾಗಿ ನೋಡುತ್ತಿದ್ದುದನ್ನು ಕಂಡ ನೆರೆಮನೆಯ ಹಿರಿಯರೊಬ್ಬರು ನಾಯಿಯ ಹಗ್ಗವನ್ನು ಬಿಗಿಹಿಡಿದು ನಿಂತು, "ಅದನ್ನು ಮುಟ್ಟಬೇಡಿ, ವೈಲ್ಡ್ ಪಾರ್ಸ್ನಿಪ್ ಅದು, ಕೈ ಸುಟ್ಟು ಬೊಬ್ಬೆ ಬರುತ್ತದೆ" ಎಂದು ಎಚ್ಚರಿಸಿದರು. ಫೋನಿನ ಗಿಡ ಗುರುತಿಸುವ ತಂತ್ರಾಂಶವೋ ಒಂದು ಚಿತ್ರಕ್ಕೆ ಒಂದು ಹೆಸರು, ಇನ್ನೊಂದು ಚಿತ್ರಕ್ಕೆ ಇನ್ನೊಂದು ಹೆಸರು ಹೇಳಿತು; ಮೂರನೆಯ ಚಿತ್ರಕ್ಕೆ ಮಾತ್ರ ನೆರೆಯವರ ಮಾತನ್ನೇ ಅನುಮೋದಿಸಿತು. ಒಂದೇ ಗಿಡಕ್ಕೆ ಮೂರು ಹೆಸರು ಬಂದ ಮೇಲೆ ಅದನ್ನು ನಾನೇ ಗುರುತಿಸಬೇಕೆಂದು ಹಟ ಹುಟ್ಟಿತು. ಆ ಹಟ ಆಗಸ್ಟ್ ತಿಂಗಳವರೆಗೂ ಎಳೆಯಿತು.

ಹೂವಿನ ಬಣ್ಣದಿಂದ ಗಿಡವನ್ನು ಗುರುತಿಸಲು ಹೊರಟವನು ಮೇ ತಿಂಗಳ ಇಲಿನಾಯ್‌ನಲ್ಲಿ ದಾರಿ ತಪ್ಪುವುದು ಖಂಡಿತ. ಆ ತಿಂಗಳಲ್ಲಿ ಇಲ್ಲಿನ ರಸ್ತೆಬದಿಯ ತೇವದ ನೆಲದಲ್ಲೆಲ್ಲ ಹಳದಿಯೇ ಹಳದಿ. ಹಾಗಾಗಿ ಯಾವುದು ಅಲ್ಲ ಎಂಬುದರಿಂದ ಆರಂಭಿಸಿದೆ. ಯೆಲ್ಲೋ ರಾಕೆಟ್ ಎಂಬುದೊಂದು ಸಾಸಿವೆಯ ಕುಟುಂಬದ ಕಳೆ ಇದೇ ಹೊತ್ತಿಗೆ ಹೊಲದಂಚಿನಲ್ಲಿ ಅರಳುತ್ತದೆ. ನಾಲ್ಕು ಎಸಳು ಅಡ್ಡಡ್ಡವಾಗಿ ಜೋಡಿಸಿಟ್ಟ ಹೂವು, ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಕಾಯಿಗಟ್ಟುವ ತೆನೆ. ಸಾಸಿವೆ ಹೊಲ ನೋಡಿದವರಿಗೆ ಗುರುತು ಸಿಗಲು ಕ್ಷಣ ಸಾಕು. ಬಟರ್‌ವೀಡ್ ಎಂಬ ಇನ್ನೊಂದು ಗಿಡ ಹಸಿ ಹೊಲಗಳನ್ನು ಪೂರ್ತಿ ಹಳದಿ ಮಾಡಿಬಿಡುತ್ತದೆ. ಅದು ಸೇವಂತಿಗೆಯ ಬಳಗದ್ದು, ನಡುವೆ ಗುಂಡಗಿನ ಬಟ್ಟಲು, ಸುತ್ತ ಎಸಳುಗಳಂತೆ ಕಾಣುವ ಕಿರಣಗಳು. ನನ್ನ ತಗ್ಗಿನ ಗಿಡದಲ್ಲಿ ಈ ಎರಡೂ ಇರಲಿಲ್ಲ. ಕಾಂಡದ ತುದಿಯ ಒಂದೇ ಬಿಂದುವಿನಿಂದ ಹತ್ತು ಹದಿನೈದು ಕಡ್ಡಿಗಳು ಕೊಡೆಯ ಕಡ್ಡಿಗಳಂತೆ ಹೊರಟು, ಪ್ರತಿ ಕಡ್ಡಿಯ ತುದಿಯಲ್ಲಿ ಮತ್ತೊಂದು ಪುಟ್ಟ ಕೊಡೆ ಬಿಚ್ಚಿ, ಆ ಪುಟ್ಟ ಕೊಡೆಯಲ್ಲಿ ಇಪ್ಪತ್ತರಷ್ಟು ಸಾಸಿವೆ ಕಾಳಿನ ಗಾತ್ರದ ಹೂವುಗಳಿದ್ದವು.

ಈ ರಚನೆಯನ್ನು ನಾನು ಪಠ್ಯಪುಸ್ತಕಕ್ಕಿಂತ ಮೊದಲು ಧಾರವಾಡದ ನಮ್ಮ ಮನೆಯ ಹಿತ್ತಿಲಿನಲ್ಲಿ ನೋಡಿದ್ದೆ. ಕೀಳದೆ ಬಿಟ್ಟ ಕೊತ್ತಂಬರಿ ಉದ್ದಕ್ಕೆ ಎದ್ದು ಹೂ ಬಿಡುವುದು ಹೀಗೆಯೇ, ಸಬ್ಬಸಿಗೆಯೂ ಹೀಗೆಯೇ. ಜೀರಿಗೆ, ಓಮ, ಸೋಂಪು, ಗಜ್ಜರಿ, ಕಾಬೂಲಿನ ಕಡೆಯಿಂದ ಬರುವ ಇಂಗು, ಎಲ್ಲವೂ ಈ ಕೊಡೆ ಹೂವಿನ ಕುಟುಂಬದವು. ನಮ್ಮ ಒಂದೆಲಗವೂ ಇದರದೇ ಸಂಬಂಧಿ. ಅದರ ಕೊಡೆ ಮಾತ್ರ ಎಲೆಯ ಮರೆಯಲ್ಲಿ ಮುದುಡಿಕೊಂಡಿರುವುದರಿಂದ ಯಾರೂ ಅದನ್ನು ಗಮನಿಸುವುದಿಲ್ಲ. ಕನ್ನಡದ ಅಡುಗೆಮನೆಯ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ, ಮೆಂತ್ಯಗಳನ್ನು ಬಿಟ್ಟರೆ ಹೆಚ್ಚಿನ ಪಾಲು ಈ ಒಂದು ಕುಟುಂಬದ ದುಡಿಮೆಯೇ ಎಂದು ಹೊಳೆದದ್ದು ಆ ದಿನ, ಅಮೆರಿಕದ ಒಂದು ರಸ್ತೆಬದಿಯ ತಗ್ಗಿನಲ್ಲಿ ಮೊಣಕಾಲೂರಿ ಕುಳಿತಾಗ.

ಆದರೆ ಇದೇ ಪರಿಚಯವೇ ಇಲ್ಲಿ ಅಪಾಯಕಾರಿ ಎಂಬುದನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಎಲೆಯೊಂದನ್ನು ಚಿವುಟಿ, ಬೆರಳುಗಳ ನಡುವೆ ಹೊಸಕಿ, ಮೂಗಿಗೆ ಹಿಡಿದು, ಅನಂತರ ನಾಲಿಗೆಗೂ ತಾಗಿಸಿ ನೋಡುವ ಅಭ್ಯಾಸವಿದೆ. ಕೊತ್ತಂಬರಿಯ ಕುಟುಂಬದ ಕಾಡು ಗಿಡಗಳಲ್ಲಿ ಹಾಗೆ ಮಾಡಲೇಬಾರದು. ಸಾಕ್ರಟೀಸನಿಗೆ ಕುಡಿಸಿದ ವಿಷವೆಂದು ಹೇಳಲಾಗುವ ಹೆಮ್ಲಾಕ್ ಈ ಕುಟುಂಬದ್ದೇ. ಯೂರೋಪಿನಿಂದ ಬಂದ ಅದು ಇಂದು ಇಲ್ಲಿನ ಹೆದ್ದಾರಿಗಳ ಪಕ್ಕದಲ್ಲಿ ಆಳೆತ್ತರಕ್ಕೆ, ಕಾಂಡದ ಮೇಲೆ ನೇರಳೆ ಮಚ್ಚೆಗಳನ್ನು ಹೊತ್ತು ಬೆಳೆಯುತ್ತದೆ. ಅದಕ್ಕಿಂತಲೂ ಭೀಕರವಾದದ್ದು ಈ ನೆಲದ್ದೇ ಆದ ವಾಟರ್ ಹೆಮ್ಲಾಕ್. ಅದು ಇದೇ ತರಹದ ನೀರು ನಿಲ್ಲುವ ಜಾಗಗಳಲ್ಲಿ ಇರುತ್ತದೆ, ಅದರ ಬೇರು ಸ್ವಲ್ಪ ಹೊಟ್ಟೆಗೆ ಹೋದರೂ ಪ್ರಾಣಕ್ಕೆ ಎರವು. ಇವೆರಡರ ಹೂವು ಬಿಳಿ, ನನ್ನ ಗಿಡದ್ದು ಹಳದಿ, ಹಾಗಾಗಿ ಇವುಗಳ ಭಯ ನನಗಿರಲಿಲ್ಲ. ಆದರೂ ಹೂವಿಲ್ಲದ ಕಾಲದಲ್ಲಿ ಬರೀ ಎಲೆಯನ್ನು ನೋಡುವವನಿಗೆ ಬಣ್ಣದ ಆಸರೆ ಇರುವುದಿಲ್ಲ. ನಾನು ಕೈಕವಚ ತೊಟ್ಟು, ಕಿತ್ತೇನೂ ನೋಡದೆ, ನಿಂತಲ್ಲಿಯೇ ನೋಡುವುದೆಂದು ನಿರ್ಧರಿಸಿದೆ.

ಮೊದಲು ಉಳಿದ ಪ್ರಶ್ನೆ ನೆರೆಯವರದು: ಇದು ವೈಲ್ಡ್ ಪಾರ್ಸ್ನಿಪ್ ಹೌದೋ ಅಲ್ಲವೋ. ಪಾರ್ಸ್ನಿಪ್ ಎಂದರೆ ಬಿಳಿ ಗಜ್ಜರಿಯಂತಹ ಬೇರಿನ ತರಕಾರಿ. ಯೂರೋಪಿನ ವಲಸಿಗರು ತಿನ್ನಲೆಂದು ತಂದದ್ದು ತೋಟದ ಬೇಲಿ ದಾಟಿ ಕಾಡುಬಿದ್ದು, ಇಂದು ಮಧ್ಯಪಶ್ಚಿಮದ ರಸ್ತೆಬದಿಗಳ ದೊಡ್ಡ ಪಿಡುಗಾಗಿದೆ. ಅದರ ಹೂವೂ ಹಳದಿ, ಅದೂ ಕೊಡೆಯ ಮೇಲಿನ ಕೊಡೆ. ಇವೆರಡನ್ನು ಬೇರ್ಪಡಿಸಲು ನನಗೆ ನೆರವಾದದ್ದು ಎಲೆ. ಪಾರ್ಸ್ನಿಪ್ಪಿನ ಎಲೆ ಬೇವಿನ ಎಲೆಯ ಕ್ರಮದ್ದು: ನಡುವೆ ಒಂದೇ ದಂಟು, ಅದರ ಎರಡೂ ಬದಿಗೆ ಜೋಡಿಜೋಡಿಯಾಗಿ ಎಲೆಗಳು, ತುದಿಯಲ್ಲೊಂದು ಒಂಟಿ. ಆ ಎಲೆಗಳು ಬೇವಿನವಕ್ಕಿಂತ ಎಷ್ಟೋ ಅಗಲ, ಒರಟು, ಅಂಚು ಹರಿದಂತೆ ಇರುತ್ತವೆ ಎಂಬುದು ಬೇರೆ ಮಾತು. ಕ್ರಮ ಮಾತ್ರ ಅದೇ. ನನ್ನ ತಗ್ಗಿನ ಗಿಡದ್ದು ಬಿಲ್ವಪತ್ರೆಯ ಕ್ರಮ. ದಂಟು ಮೊದಲು ಮೂರಾಗಿ ಒಡೆಯುತ್ತದೆ, ಆ ಮೂರರಲ್ಲಿ ಪ್ರತಿಯೊಂದೂ ಮತ್ತೆ ಮೂರು, ಕೆಲವೊಮ್ಮೆ ಐದು ಎಲೆಗಳಾಗುತ್ತದೆ. ಬಿಲ್ವದ ಒಂದೊಂದು ದಳವೂ ತಾನೇ ಒಂದು ಬಿಲ್ವಪತ್ರೆಯಾದಂತೆ. ಅಂಚಿನುದ್ದಕ್ಕೂ ಗರಗಸದ ಹಲ್ಲುಗಳಂತಹ ಸಣ್ಣ, ಸಮನಾದ ಕಚ್ಚುಗಳಿವೆ. ಎಲೆಗೂ ಕಾಂಡಕ್ಕೂ ರೋಮವಿಲ್ಲ, ಮೇಲ್ಮೈ ತುಸು ಹೊಳೆಯುತ್ತದೆ. ಕಾಂಡ ಎರಡು ಅಡಿಗೆ ಸ್ವಲ್ಪ ಹೆಚ್ಚು ಕಡಿಮೆ. ಪಾರ್ಸ್ನಿಪ್ ಆಗಿದ್ದರೆ ಹೂ ಬಿಡುವ ಹೊತ್ತಿಗೆ ನಾಲ್ಕೈದು ಅಡಿ ಏರಿ, ಕಾಂಡದ ಮೇಲೆ ಬೆರಳಿಗೆ ತಾಗುವಷ್ಟು ಆಳವಾದ ಉದ್ದಗೆರೆಗಳು ಇರಬೇಕಿತ್ತು.

ಇನ್ನೊಂದು ಸಾಕ್ಷಿಯನ್ನು ಕೊಟ್ಟದ್ದು ಪಂಚಾಂಗ. ವೈಲ್ಡ್ ಪಾರ್ಸ್ನಿಪ್ ಇಲ್ಲಿ ಅರಳುವುದು ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ. ಮೇ ತಿಂಗಳಲ್ಲಿ ಕೊಡೆ ಬಿಚ್ಚಿದ ಹಳದಿ ಹೂವು ಕಂಡರೆ ಅದು ಬೇರೆಯದೇ ಎಂದು ಅನುಮಾನಿಸಲು ಆ ಒಂದು ಕಾರಣವೇ ಸಾಕು. ಗಿಡ ಗುರುತಿಸುವವರು ತಾರೀಖನ್ನು ಬರೆದುಕೊಳ್ಳುವುದು ಏಕೆಂದು ನನಗೆ ಮೊದಲು ತಿಳಿದಿರಲಿಲ್ಲ; ದಿನಾಂಕವೂ ಎಲೆಯಷ್ಟೇ ಒಂದು ಲಕ್ಷಣ.

ನೆರೆಯವರ ಎಚ್ಚರಿಕೆ ಗಿಡದ ವಿಷಯದಲ್ಲಿ ತಪ್ಪಾಗಿತ್ತೇ ಹೊರತು ಬೊಬ್ಬೆಯ ವಿಷಯದಲ್ಲಿ ತಪ್ಪಾಗಿರಲಿಲ್ಲ. ಪಾರ್ಸ್ನಿಪ್ಪಿನ ಸೊನೆ ತಾಗಿದ ಚರ್ಮ ಬಿಸಿಲಿಗೆ ಒಡ್ಡಿಕೊಂಡರೆ ಒಂದೆರಡು ದಿನಗಳಲ್ಲಿ ಸುಟ್ಟ ಗಾಯದಂತೆ ಗುಳ್ಳೆಗಳೇಳುತ್ತವೆ, ಗಾಯ ಮಾಗಿದ ಮೇಲೂ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಗೇರುಬೀಜದ ಸೊನೆಯನ್ನು ಬಲ್ಲವರು ಇದನ್ನೂ ಅದರಂತೆಯೇ ಎಂದುಕೊಂಡಾರು, ಆದರೆ ಎರಡರ ಬಗೆ ಬೇರೆ. ಗೇರಿನ ಸೊನೆಗೆ ಬಿಸಿಲು ಬೇಕಿಲ್ಲ. ಪಾರ್ಸ್ನಿಪ್ಪಿನ ಸೊನೆ ಬಿಸಿಲಿಲ್ಲದೆ ಕೆಲಸ ಮಾಡುವುದಿಲ್ಲ. ಅದರಲ್ಲಿರುವ ಫ್ಯುರಾನೊಕೌಮರಿನ್ ಎಂಬ ವರ್ಗದ ರಾಸಾಯನಿಕಗಳು ಅತಿನೇರಳೆ ಕಿರಣವನ್ನು ಹೀರಿಕೊಂಡು ಚರ್ಮದ ಕೋಶಗಳ ಡಿಎನ್ಎಗೆ ಅಂಟಿಕೊಳ್ಳುತ್ತವೆ. ನಮ್ಮ ಆಯುರ್ವೇದದಲ್ಲಿ ಇದೇ ತತ್ವ ಬಹಳ ಹಿಂದಿನಿಂದ ಬಳಕೆಯಲ್ಲಿದೆ: ತೊನ್ನಿಗೆ ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಕೂರಿಸುವ ಪದ್ಧತಿ. ಈ ವರ್ಗದ ಮೂಲ ರಾಸಾಯನಿಕವಾದ ಸೋರಲೆನ್‌ಗೆ ಆ ಹೆಸರು ಬಂದದ್ದೇ ಬಾವಂಚಿಯ ಲ್ಯಾಟಿನ್ ಹೆಸರಾದ ಸೋರೇಲಿಯಾದಿಂದ. ಒಂದು ನೆಲದಲ್ಲಿ ಮದ್ದು, ಇನ್ನೊಂದು ನೆಲದ ರಸ್ತೆಬದಿಯಲ್ಲಿ ಗಾಯ.

ಈ ಪಾರ್ಸ್ನಿಪ್ಪಿನ ಕಥೆಯ ಬಹುಪಾಲು ಬರೆಯಲ್ಪಟ್ಟದ್ದು ನಾನಿರುವ ರಾಜ್ಯದಲ್ಲಿಯೇ ಎಂಬುದು ನನಗೆ ಸಂತೋಷ ತಂದ ಸಂಗತಿ. ಅರ್ಬಾನಾ–ಶಾಂಪೇನ್‌ನಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞೆ ಮೇ ಬೆರೆನ್‌ಬಾಮ್ ಅವರು ದಶಕಗಳ ಕಾಲ ಈ ಗಿಡ ಮತ್ತು ಅದನ್ನು ತಿನ್ನುವ ಹುಳುಗಳ ನಡುವಿನ ಜಗ್ಗಾಟವನ್ನು ಅಧ್ಯಯನ ಮಾಡಿದ್ದಾರೆ. ಪಾರ್ಸ್ನಿಪ್ ಅಮೆರಿಕಕ್ಕೆ ಬಂದಾಗ ಯೂರೋಪಿನಲ್ಲಿ ಅದನ್ನು ಕಾಡುತ್ತಿದ್ದ ವೆಬ್‌ವರ್ಮ್ ಎಂಬ ಹುಳು ಜೊತೆಗೆ ಬರಲಿಲ್ಲ, ಅದು ತಲುಪಿದ್ದು ತಡವಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿ. ಬೆರೆನ್‌ಬಾಮ್ ಮತ್ತು ಅವರ ಸಹೋದ್ಯೋಗಿ ಆರ್ಥರ್ ಝಾಂಗರ್ಲ್ ಅವರು ಸಸ್ಯಸಂಗ್ರಹಾಲಯಗಳಲ್ಲಿ ಒಣಗಿಸಿಟ್ಟ, 150 ವರ್ಷಗಳಿಗೂ ಹೆಚ್ಚಿನ ಅವಧಿಯ ಪಾರ್ಸ್ನಿಪ್ ಮಾದರಿಗಳನ್ನು ಪರೀಕ್ಷಿಸಿ, ಹುಳು ಬಂದ ಮೇಲೆ ಗಿಡದ ವಿಷ ಏರಿದೆಯೆಂದು 2005ರಲ್ಲಿ ತೋರಿಸಿದರು. ಯಾವನೋ ಒಬ್ಬ ಹವ್ಯಾಸಿ ಕಾಗದದ ಮೇಲೆ ಅಂಟಿಸಿಟ್ಟ ಕಳೆ ಒಂದೂವರೆ ಶತಮಾನದ ನಂತರ ಸಾಕ್ಷಿ ನುಡಿಯಿತು. ಗಿಡದ ಪಕ್ಕದಲ್ಲಿ ದಿನಾಂಕ ಬರೆಯುವವರ ಬಗ್ಗೆ ನನ್ನ ಗೌರವ ಇನ್ನೂ ಹೆಚ್ಚಿತು.

ಪಾರ್ಸ್ನಿಪ್ ಅಲ್ಲವೆಂದು ತೀರ್ಮಾನವಾಯಿತು. ಎಲೆ, ಎತ್ತರ, ಕಾಲ ಮೂರೂ ಒಂದೇ ಹೆಸರನ್ನು ಸೂಚಿಸುತ್ತಿದ್ದವು: ಗೋಲ್ಡನ್ ಅಲೆಕ್ಸಾಂಡರ್ಸ್, ಸಸ್ಯಶಾಸ್ತ್ರದಲ್ಲಿ ಜಿಝಿಯಾ ಆರಿಯಾ. ಪ್ರೇರಿ ಎಂದು ಕರೆಯುವ ಇಲ್ಲಿನ ಹುಲ್ಲುಗಾವಲಿನ ತೇವದ ನೆಲ, ಕಾಡಿನಂಚು, ಹೊಳೆಯ ಬದಿ, ರಸ್ತೆಬದಿಯ ತಗ್ಗುಗಳಲ್ಲಿ ವಸಂತದ ಕೊನೆಗೆ ಅರಳುವ, ಉತ್ತರ ಅಮೆರಿಕದ್ದೇ ಆದ ಬಹುವಾರ್ಷಿಕ ಗಿಡ. ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಈ ಗಿಡದ ಬಗ್ಗೆ ಓದುತ್ತ ಹೋದಂತೆ ಅದಕ್ಕೊಂದು ಅವಳಿ ಇದೆಯೆಂದು ತಿಳಿಯಿತು. ಮೆಡೋ ಪಾರ್ಸ್ನಿಪ್ ಎಂದು ಕರೆಯುವ ಆ ಗಿಡದ ಸಸ್ಯಶಾಸ್ತ್ರೀಯ ಹೆಸರು ಥ್ಯಾಸ್ಪಿಯಂ ಟ್ರೈಫೋಲಿಯೇಟಂ. ಅದೇ ಎತ್ತರ, ಅದೇ ಕಾಲ, ಅದೇ ಹಳದಿ, ಎಲೆಯೂ ಮೂರು ಮೂರಾಗಿ. ನುರಿತವರೂ ಎಡವುತ್ತಾರೆಂಬ ಕಾರಣಕ್ಕೆ ಎಲ್ಲ ಕೈಪಿಡಿಗಳೂ ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ಎಚ್ಚರಿಸುತ್ತವೆ. ಇವುಗಳನ್ನು ಬೇರ್ಪಡಿಸುವ ಲಕ್ಷಣ ಎಷ್ಟು ಸಣ್ಣದೆಂದರೆ, ಮೊದಲು ಓದಿದಾಗ ಅದು ವಿನೋದವೆನಿಸಿತು: ಪ್ರತಿ ಪುಟ್ಟ ಕೊಡೆಯ ನಟ್ಟನಡುವಿನ ಹೂವನ್ನು ನೋಡಬೇಕು. ಅದಕ್ಕೆ ತೊಟ್ಟಿಲ್ಲದೆ ಅದು ನೇರವಾಗಿ ಕೊಡೆಯ ಬುಡದಲ್ಲಿ ಕುಳಿತಿದ್ದರೆ ಜಿಝಿಯಾ. ಉಳಿದ ಹೂವುಗಳಂತೆ ಅದಕ್ಕೂ ತೊಟ್ಟಿದ್ದರೆ ಥ್ಯಾಸ್ಪಿಯಂ.

ಹೂವಿನ ಅಗಲ ಸುಮಾರು ಮೂರು ಮಿಲಿಮೀಟರ್. ಐದು ಎಸಳುಗಳು ಪೂರ್ತಿ ಬಿಚ್ಚದೆ ತುದಿಯನ್ನು ಒಳಕ್ಕೆ ಮಡಿಚಿಕೊಂಡಿರುತ್ತವೆ. ಅವುಗಳ ನಡುವೆ ಐದು ಕೇಸರಗಳು. ಇಂತಹ ಇಪ್ಪತ್ತು ಹೂವುಗಳು ಒತ್ತೊತ್ತಾಗಿ ಕುಳಿತ ಬೆರಳ ತುದಿಯಷ್ಟು ಅಗಲದ ಜಾಗದಲ್ಲಿ, ನಡುವಿನದು ಯಾವುದು, ಅದರ ಕೆಳಗೆ ತೊಟ್ಟಿದೆಯೇ ಇಲ್ಲವೇ ಎಂದು ಹೇಳಬೇಕು. ಬರಿಗಣ್ಣಿಗೆ ಅದು ಒಂದು ಹಳದಿ ಮುದ್ದೆ. ಫೋನಿನ ಚಿತ್ರವನ್ನು ಹಿಗ್ಗಿಸಿದರೆ ದೊಡ್ಡದಾದ ಹಳದಿ ಮುದ್ದೆ. ನಾನು ಹತ್ತು ಪಟ್ಟು ಹಿಗ್ಗಿಸುವ, ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಬಗೆಯ ಮಸೂರವೊಂದನ್ನು ತರಿಸಿಕೊಂಡು ಶನಿವಾರ ಬೆಳಗ್ಗೆ ತಗ್ಗಿಗೆ ಇಳಿದೆ. ಗಾಳಿಯಿತ್ತು. ಗಾಳಿಯಲ್ಲಿ ತೂಗುವ ಕೊಡೆಯ ಕೆಳಗೆ ಮಸೂರ ಹಿಡಿದು ಉಸಿರು ಬಿಗಿಹಿಡಿಯುವುದು ಸೂಜಿಗೆ ದಾರ ಪೋಣಿಸುವ ಕೆಲಸ, ಅದೂ ಸೂಜಿ ಕುಣಿಯುತ್ತಿರುವಾಗ. ಎರಡು ಬಾರಿ ಪೊಲೀಸ್ ಕಾರು ನಿಧಾನಿಸಿ ನನ್ನನ್ನು ನೋಡಿ ಮುಂದೆ ಹೋಯಿತು. ಕೊನೆಗೆ ಮೇಲಿನಿಂದ ನೋಡುವುದನ್ನು ಬಿಟ್ಟು, ಪುಟ್ಟ ಕೊಡೆಯೊಂದನ್ನು ಮೆಲ್ಲನೆ ಓರೆಯಾಗಿಸಿ ಪಕ್ಕದಿಂದ ನೋಡಿದೆ. ಸುತ್ತಲಿನ ಹೂವುಗಳು ತಮ್ಮ ತಮ್ಮ ಕಡ್ಡಿಗಳ ಮೇಲೆ ಎತ್ತರಕ್ಕೆ ನಿಂತಿದ್ದವು; ನಡುವಿನ ಒಂದು ಮಾತ್ರ, ಪಂಕ್ತಿಯಲ್ಲಿ ಎಲ್ಲರೂ ಎದ್ದು ನಿಂತಾಗ ಕುಳಿತೇ ಉಳಿದವನಂತೆ, ಕೆಳಗೆ ಅಡಗಿ ಕೂತಿತ್ತು. ಒಂದರಲ್ಲಿ ಕಂಡದ್ದನ್ನು ನಂಬದೆ ಆರು ಗಿಡಗಳ ಇಪ್ಪತ್ತನಾಲ್ಕು ಕಿರುಗೊಡೆಗಳನ್ನು ನೋಡಿದೆ. ಕೆಲವದರಲ್ಲಿ ಸ್ಪಷ್ಟವಿರಲಿಲ್ಲ. ಸ್ಪಷ್ಟವಿದ್ದ ಎಲ್ಲೆಡೆಯೂ ನಡುವಿನ ಹೂವಿಗೆ ತೊಟ್ಟಿರಲಿಲ್ಲ.

ಒಂದು ಗಿಡವನ್ನು ಇನ್ನೊಂದರಿಂದ ಬೇರ್ಪಡಿಸಲು ಇಷ್ಟು ಸಣ್ಣ ಸಂಗತಿಯನ್ನು ಅವಲಂಬಿಸುವುದು ಸರಿಯೇ ಎಂದು ನನ್ನ ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಎಲೆಯ ಆಕಾರ, ಗಿಡದ ಎತ್ತರ, ಬಣ್ಣದ ಗಾಢತೆ ಇವೆಲ್ಲ ನೀರು, ನೆರಳು, ಮಣ್ಣನ್ನು ಅನುಸರಿಸಿ ಏರುಪೇರಾಗುತ್ತವೆ. ಹೂವು ಮತ್ತು ಕಾಯಿಯ ರಚನೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಅದಕ್ಕೇ ಈ ಕುಟುಂಬದಲ್ಲಿ ಕಾಯಿಯ ಮಾತೇ ಕೊನೆಯ ಮಾತು. ಮಾಗಿದಾಗ ಜಿಝಿಯಾದ ಕಾಯಿಯ ಮೇಲೆ ಜೀರಿಗೆಯ ಮೇಲಿರುವಂತಹ ಉಬ್ಬುಗೆರೆಗಳಿರುತ್ತವೆ, ಥ್ಯಾಸ್ಪಿಯಮ್ಮಿನ ಕಾಯಿಯಲ್ಲಿ ಅದೇ ಗೆರೆಗಳು ಬೆಳೆದು ತೆಳುವಾದ ರೆಕ್ಕೆಗಳಾಗಿರುತ್ತವೆ. ಅಂದರೆ ಸಂಶಯ ಪೂರ್ತಿ ತೀರಬೇಕಾದರೆ ನಾನು ಬೇಸಿಗೆ ಮುಗಿಯುವವರೆಗೆ ಕಾಯಬೇಕಿತ್ತು.

ಕಾಯುವ ನಡುವೆ ಹೆಸರಿನ ಹಿಂದೆ ಬಿದ್ದೆ. ಗೋಲ್ಡನ್ ಅಲೆಕ್ಸಾಂಡರ್ಸ್ ಎಂದೊಡನೆ ಸಿಕಂದರನ ಚಿನ್ನ ನೆನಪಾಗುತ್ತದೆ, ಆದರೆ ಈ ಗಿಡ ಅವನ ಕಣ್ಣಿಗೆ ಬಿದ್ದಿರಲು ಸಾಧ್ಯವೇ ಇಲ್ಲ. ಮೆಡಿಟರೇನಿಯನ್ ತೀರದಲ್ಲಿ ಸೊಪ್ಪಿಗಾಗಿ ಬೆಳೆಸುತ್ತಿದ್ದ ಅಲೆಕ್ಸಾಂಡರ್ಸ್ ಎಂಬ ಬೇರೊಂದು ಗಿಡವಿದೆ. ಅಮೆರಿಕದ ಗಿಡಕ್ಕೆ ಆ ಹೋಲಿಕೆಯಿಂದ ಎರವಲು ಹೆಸರು ಬಂತು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಕೂಡ ಇದನ್ನು ಆ ಯೂರೋಪಿನ ಗಿಡದ ಜಾತಿಯಲ್ಲಿಯೇ ಸೇರಿಸಿದ್ದ. 1824ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಕಾಖ್ ಇದನ್ನು ಬೇರೆ ಮಾಡಿ, ತನ್ನ ಜೊತೆಗಾರ ಯೋಹಾನ್ ಬ್ಯಾಪ್ಟಿಸ್ಟ್ ಜಿಝ್ ಎಂಬುವರ ಹೆಸರಿಟ್ಟ. ಆರಿಯಾ ಎಂದರೆ ಹೊನ್ನಿನ ಬಣ್ಣದ್ದು. ರೈನ್ ನದಿಯ ಸೀಮೆಯಲ್ಲಿ ಗಿಡ ಹುಡುಕಿಕೊಂಡಿದ್ದ ಒಬ್ಬನ ಹೆಸರು ಅಟ್ಲಾಂಟಿಕ್ ದಾಟಿ ನಮ್ಮ ರಸ್ತೆಬದಿಯ ತಗ್ಗಿಗೆ ಬಂದು ಕುಳಿತದ್ದು ಹೀಗೆ. ಅವಳಿಯ ಹೆಸರು ಇನ್ನೂ ತಮಾಷೆ: ಥ್ಯಾಪ್ಸಿಯಾ ಎಂಬ ಹಳೆಯ ಹೆಸರಿನ ಅಕ್ಷರಗಳನ್ನು ಅತ್ತಿತ್ತ ಮಾಡಿ ಥ್ಯಾಸ್ಪಿಯಂ ಎಂದು ಮಾಡಿದ್ದಾರೆ. ಜಿಝಿಯಾದಲ್ಲಿ ಇನ್ನೊಂದು ಪ್ರಭೇದವೂ ಇಲ್ಲಿದೆ, ಜಿಝಿಯಾ ಆಪ್ಟೆರಾ. ಅದರ ಬುಡದ ಎಲೆಗಳು ಸೀಳದೆ ಇಡಿಯಾಗಿ, ವೀಳ್ಯದೆಲೆಯಂತೆ ಹೃದಯದ ಆಕಾರದಲ್ಲಿರುತ್ತವೆ. ನಾನು ತಗ್ಗಿನ ಗಿಡಗಳ ಬುಡವನ್ನು ಹುಲ್ಲು ಸರಿಸಿ ನೋಡಿದೆ. ಅಲ್ಲಿಯೂ ಬಿಲ್ವವೇ.

ಪ್ರೇರಿಯ ಗಿಡ ರಸ್ತೆಬದಿಯಲ್ಲಿ ಏಕಿದೆ ಎಂದು ಕೇಳಿದರೆ, ಬೇರೆಲ್ಲಿಯೂ ಜಾಗ ಉಳಿದಿಲ್ಲ ಎಂಬುದೇ ಬಹುಮಟ್ಟಿಗೆ ಉತ್ತರ. ಇಲಿನಾಯ್‌ಗೆ ಪ್ರೇರಿ ಸ್ಟೇಟ್ ಎಂಬ ಅಡ್ಡಹೆಸರಿದೆ. ಒಂದು ಕಾಲಕ್ಕೆ ಸುಮಾರು 2.2 ಕೋಟಿ ಎಕರೆ ಹುಲ್ಲುಗಾವಲಿತ್ತು. 1970ರ ದಶಕದ ಕೊನೆಗೆ ರಾಜ್ಯದ ನೈಸರ್ಗಿಕ ಪ್ರದೇಶಗಳ ಗಣತಿ ನಡೆದಾಗ ಕೆಡದೆ ಉಳಿದ ಉತ್ತಮ ಪ್ರೇರಿ ಸಿಕ್ಕದ್ದು ಸುಮಾರು 2,500 ಎಕರೆ. ಈ ನೆಲದ ಕಪ್ಪು ಮಣ್ಣು ನಮ್ಮ ಧಾರವಾಡದ ಎರೆಮಣ್ಣಿನಂತೆಯೇ ನೇಗಿಲಿಗೆ ಅಂಟಿಕೊಳ್ಳುತ್ತಿತ್ತು. 1837ರಲ್ಲಿ ಇದೇ ರಾಜ್ಯದ ಗ್ರಾಂಡ್ ಡೀಟೂರ್ ಎಂಬ ಊರಿನ ಕಮ್ಮಾರ ಜಾನ್ ಡೀರ್ ಮಣ್ಣು ತಾನಾಗಿ ಜಾರಿಹೋಗುವ ಉಕ್ಕಿನ ನೇಗಿಲನ್ನು ಮಾಡಿದ ಮೇಲೆ ಉಳುಮೆಗೆ ತಡೆಯಿಲ್ಲದಾಯಿತು. ಎರಡು ಮಣ್ಣುಗಳ ಕಪ್ಪು ಒಂದೇ ಅಲ್ಲ ಎಂಬುದನ್ನೂ ಹೇಳಬೇಕು: ಪ್ರೇರಿಯ ಮಣ್ಣು ಕಪ್ಪಾದದ್ದು ಸಾವಿರಾರು ವರ್ಷ ಹುಲ್ಲಿನ ಬೇರು ಕೊಳೆತು ಸೇರಿದ್ದರಿಂದ, ಎರೆಮಣ್ಣಿನಲ್ಲಿ ಅಂತಹ ಸಾವಯವ ಅಂಶ ಕಡಿಮೆ, ಅದರ ಕಪ್ಪಿಗೂ ಅಂಟಿಗೂ ಜೇಡಿಯೇ ಮೂಲ. ಉಳುಮೆ ತಲುಪದೆ ಉಳಿದ ಪ್ರೇರಿಯ ಚೂರುಗಳು ರೈಲು ಹಳಿಯ ಪಕ್ಕ, ಹಳೆಯ ಸ್ಮಶಾನಗಳ ಮೂಲೆ, ರಸ್ತೆ ಮತ್ತು ಬೇಲಿಯ ನಡುವಿನ ಪಟ್ಟಿಗಳಲ್ಲಿ ಇದ್ದವು. ಇಲ್ಲಿಗೆ ಸಮೀಪದ ಬಟೇವಿಯಾದಲ್ಲಿರುವ ಫರ್ಮಿಲ್ಯಾಬ್ ಎಂಬ ಭೌತವಿಜ್ಞಾನದ ಪ್ರಯೋಗಾಲಯದ ನೆಲದಲ್ಲಿ 1970ರ ದಶಕದಲ್ಲಿ ಪ್ರೇರಿಯನ್ನು ಮತ್ತೆ ಬೆಳೆಸಲು ಮುಂದಾದ ರಾಬರ್ಟ್ ಬೆಟ್ಜ್ ಅವರು ಇಂತಹ ಸ್ಮಶಾನ ಪ್ರೇರಿಗಳನ್ನು ಹುಡುಕಿಕೊಂಡು ತಿರುಗಿದವರೇ. ನಮ್ಮ ರಸ್ತೆಯ ತಗ್ಗು ಅಂತಹ ಹಳೆಯ ಚೂರೋ, ಯಾರೋ ಬೀಜ ಎರಚಿದ್ದೋ, ಅದನ್ನು ಹೂವು ಹೇಳುವುದಿಲ್ಲ.

ಜೂನ್ ಮೊದಲ ವಾರ ಹೂವು ಉದುರತೊಡಗಿದಾಗ ಗಿಡದ ಮೇಲೆ ಬೇರೆ ಜನ ಕಂಡರು. ನೊಣಗಳೆಂದು ನಾನು ಭಾವಿಸಿದ್ದ ಕಪ್ಪು ಜೀವಿಗಳಲ್ಲಿ ಕೆಲವು ಪುಟ್ಟ ಜೇನುಗಳು. ಇವುಗಳ ಬಳಗದಲ್ಲಿ ಆಂಡ್ರೀನಾ ಜಿಝಿಯೇ ಎಂಬ ಒಂಟಿಜೇನು ಮುಖ್ಯವಾಗಿ ಈ ಗಿಡದ ಮತ್ತು ಇದರ ಹತ್ತಿರದ ಸಂಬಂಧಿಗಳ ಪರಾಗವನ್ನೇ ನಂಬಿ ಬದುಕುತ್ತದೆ, ಹೆಸರೂ ಗಿಡದ್ದೇ. ನಾನು ಕಂಡದ್ದು ಅದೇ ಎಂದು ಹೇಳುವ ಧೈರ್ಯ ನನಗಿಲ್ಲ. ಜೇನನ್ನು ಗುರುತಿಸುವುದು ಗಿಡಕ್ಕಿಂತ ಕಷ್ಟ, ಅದು ನಿಲ್ಲುವುದೂ ಇಲ್ಲ. ಆದರೆ ಒಂದು ಎಲೆಯ ಮೇಲೆ ಕುಳಿತಿದ್ದ ಹುಳುವಿನ ವಿಷಯದಲ್ಲಿ ಅನುಮಾನವಿರಲಿಲ್ಲ: ಹಸಿರು ಮೈ, ಅಡ್ಡಕ್ಕೆ ಕಪ್ಪು ಪಟ್ಟೆ, ಪಟ್ಟೆಯೊಳಗೆ ಹಳದಿ ಚುಕ್ಕಿ. ಬ್ಲ್ಯಾಕ್ ಸ್ವಾಲೋಟೇಲ್ ಚಿಟ್ಟೆಯ ಮರಿ. ಹಿತ್ತಿಲಲ್ಲಿ ಸಬ್ಬಸಿಗೆ ಬೆಳೆಸುವ ಇಲ್ಲಿನ ಕನ್ನಡದ ಮನೆಗಳಿಗೆಲ್ಲ ಇದು ಪರಿಚಿತ ಕಳ್ಳ. ಹುಲ್ಲುಕಡ್ಡಿಯಿಂದ ಮೆಲ್ಲನೆ ತಾಗಿಸಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲುಕೊಂಬು ಹೊರಬಂದು ನಾತ ಬೀರುತ್ತದೆ. ಧಾರವಾಡದಲ್ಲಿ ಕರಿಬೇವಿನ ಗಿಡದ ಮೇಲಿನ ಹುಳುವೂ ನಮ್ಮ ಕಡ್ಡಿಗೆ ಹೀಗೆಯೇ ಕೆಂಪು ಕೊಂಬು ತೋರಿಸುತ್ತಿತ್ತು. ಎರಡೂ ಪ್ಯಾಪಿಲಿಯೋ ಎಂಬ ಒಂದೇ ಜಾತಿಯ ಚಿಟ್ಟೆಗಳು. ಕರಿಬೇವು, ನಿಂಬೆಗಳ ಕುಟುಂಬಕ್ಕೂ ಕೊತ್ತಂಬರಿಯ ಕುಟುಂಬಕ್ಕೂ ನಂಟಿಲ್ಲ, ಆದರೆ ಬಾವಂಚಿಯ ಆ ರಾಸಾಯನಿಕಗಳ ವರ್ಗ ಎರಡು ಕುಟುಂಬಗಳಲ್ಲಿಯೂ ಇದೆ, ಪ್ಯಾಪಿಲಿಯೋಗಳು ಎರಡನ್ನೂ ತಿನ್ನುತ್ತವೆ. ಚಿಟ್ಟೆ ನನ್ನಂತೆ ಕೊಡೆ, ತೊಟ್ಟು, ರೆಕ್ಕೆಗಳನ್ನು ಎಣಿಸುವುದಿಲ್ಲ. ಎಲೆಯ ಮೇಲೆ ಕಾಲೂರಿ, ಕಾಲಿನಿಂದಲೇ ರುಚಿ ನೋಡಿ ಮೊಟ್ಟೆಯಿಡುತ್ತದೆ.

ಜುಲೈ ಮೊದಲಲ್ಲಿ ಊರಿಗೆ ಹೋಗಿ ಬರುವಷ್ಟರಲ್ಲಿ ಅದೇ ತಗ್ಗಿನ ಇನ್ನೊಂದು ತುದಿಯಲ್ಲಿ ನನ್ನ ಎದೆಯೆತ್ತರದ ಹಳದಿ ಕೊಡೆಗಳೆದ್ದಿದ್ದವು. ಗೆರೆಬಿದ್ದ ದಪ್ಪ ಕಾಂಡ, ಬೇವಿನ ಕ್ರಮದ ಎಲೆ, ತಟ್ಟೆಯಷ್ಟು ಅಗಲದ ಹೂಗೊಂಚಲು. ವೈಲ್ಡ್ ಪಾರ್ಸ್ನಿಪ್. ನೆರೆಯವರು ಹೇಳಿದ ಗಿಡ ಆ ತಗ್ಗಿನಲ್ಲಿ ನಿಜವಾಗಿಯೂ ಇತ್ತು. ಅವರು ತೋರಿಸಿದ್ದು ಆರು ವಾರ ಮೊದಲು ಮತ್ತು ಐವತ್ತು ಹೆಜ್ಜೆ ಈಚೆಗೆ, ಅಷ್ಟೆ. ನಾನು ಅವರನ್ನು ಕರೆದು ಎರಡನ್ನೂ ತೋರಿಸಿದೆ. ಅವರು ಎರಡೂ ಎಲೆಗಳನ್ನು ದೂರದಿಂದಲೇ ನೋಡಿ, "ಹಾಗಾದರೆ ಎರಡನ್ನೂ ಮುಟ್ಟುವುದಿಲ್ಲ" ಎಂದರು. ಅವರ ನಿಲುವಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ಆಗಸ್ಟಿನಲ್ಲಿ ಒಂದು ಬೆಳಗ್ಗೆ ರಸ್ತೆಬದಿಯ ಹುಲ್ಲು ಕೊಯ್ಯುವ ಯಂತ್ರ ಬಂದು ಹೋಯಿತು. ಸಂಜೆ ಹೋಗಿ ನೋಡಿದರೆ ತಗ್ಗಿನ ಮೇಲಂಚಿನ ಗಿಡಗಳೆಲ್ಲ ನೆಲಕ್ಕೊರಗಿದ್ದವು, ಕೆಳಗಿನ ಹಸಿನೆಲದವು ಉಳಿದಿದ್ದವು. ಬಿದ್ದ ಗಿಡಗಳಲ್ಲಿ ಒಂದರ ಒಣಗಿದ ಕೊಡೆಯನ್ನು ಕೈಕವಚದಲ್ಲಿ ಎತ್ತಿಕೊಂಡು ಬಂದೆ. ಅಡುಗೆಮನೆಯ ದೀಪದ ಕೆಳಗೆ, ಬಿಳಿ ಕಾಗದದ ಮೇಲೆ, ಮಸೂರದಡಿ ಇಟ್ಟೆ. ಮೂರ್ನಾಲ್ಕು ಮಿಲಿಮೀಟರ್ ಉದ್ದದ ಕಾಯಿಗಳು, ಮೈಮೇಲೆ ಉಬ್ಬುಗೆರೆ, ಎಲ್ಲಿಯೂ ರೆಕ್ಕೆಯಿಲ್ಲ. ಪ್ರತಿ ಕಿರುಗೊಡೆಯ ನಡುವೆ ಒಂದು ಕಾಯಿ ತೊಟ್ಟಿಲ್ಲದೆ ಕುಳಿತಿತ್ತು. ಹೂವಿನಲ್ಲಿ ಅಷ್ಟು ಸತಾಯಿಸಿದ ಲಕ್ಷಣ ಕಾಯಿಯಲ್ಲಿ ಬರಿಗಣ್ಣಿಗೂ ಕಾಣುವಂತಿತ್ತು. ಬೆರಳಿನಿಂದ ಒತ್ತಿದರೆ ಕಾಯಿ ಸೀಳಿ ಎರಡು ಹೋಳಾಯಿತು. ನನ್ನ ಅಮ್ಮ ಕೊತ್ತಂಬರಿ ಬಿತ್ತುವ ಮೊದಲು ಬೀಜವನ್ನು ನೆಲಕ್ಕೆ ಹಾಕಿ ಚಪ್ಪಲಿಯಿಂದ ಉಜ್ಜಿ ಒಡೆಯುತ್ತಿದ್ದಳು. ಒಂದು ಕಾಳಿನಿಂದ ಎರಡು ಸಸಿ ಎಂದು ಲೆಕ್ಕ ಹೇಳುತ್ತಿದ್ದಳು. ಈ ಕುಟುಂಬದ ಕಾಯಿಯ ಗುಟ್ಟು ಅವಳಿಗೆ ತಿಳಿದೇ ಇತ್ತು.

ಜಿಝಿಯಾದ ಬೀಜ ಮೊಳೆಯಬೇಕಾದರೆ ಎರಡು ತಿಂಗಳಾದರೂ ತೇವದ ಚಳಿಯಲ್ಲಿ ಕಳೆಯಬೇಕಂತೆ. ಆ ಒಂದು ಕೊಡೆಯ ಬೀಜಗಳನ್ನು ಹಸಿ ಮರಳಿನೊಂದಿಗೆ ಪುಟ್ಟ ಡಬ್ಬಿಯಲ್ಲಿಟ್ಟು, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿ ಇರಿಸಿದ್ದೇನೆ. ಡಬ್ಬಿಯ ಮೇಲೆ ಹೆಸರು, ಸ್ಥಳ, ತಾರೀಖು ಬರೆದು ಅಂಟಿಸಿದೆ. ಹೆಂಡತಿ ಅದರ ಕೆಳಗೆ ಕೆಂಪು ಶಾಯಿಯಲ್ಲಿ "ತಿನ್ನುವುದಲ್ಲ" ಎಂದು ಸೇರಿಸಿದ್ದಾಳೆ.